ಬೂಟುಗಾಲಿನವನ ಪೋರ್ಚುಗೀಸು

ಕಾಫಿ ಒಣಗಿಸುವ ಕಣಕ್ಕೆ ಚಪ್ಪಲಿ ಮೆಟ್ಟಿಕೊಂಡು ಸ್ವತಃ ದೇವರೇ ಬಂದರೂ ನಾನು ಸುಮ್ಮನಿರುವವನಲ್ಲ. ಅಂಥದ್ದರಲ್ಲಿ ಹೋದ ಕೊಯ್ಲಿನಲ್ಲಿ ಒಬ್ಬ ಬ್ರೆಜಿಲಿನವನು ಬೂಟುಗಾಲಿನಲ್ಲಿ ಬಂದು, ಹರವಿದ ಹಣ್ಣಿನ ನಟ್ಟನಡುವೆ ನಿಂತುಬಿಟ್ಟ! ಪಕ್ಕದ ಹೋಂಸ್ಟೇ ಅಭಿಲಾಷ ಕರೆತಂದಿದ್ದ ಅತಿಥಿ. ನಾನು ಬೈದೆ. ನನ್ನ ಬೈಗುಳ ಕೆ. ಹೊಸಕೋಟೆ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು ಅನ್ನುವವರಿದ್ದಾರೆ. ಆತ ನಕ್ಕ. ನಕ್ಕು, ತನ್ನ ಭಾಷೆಯಲ್ಲಿ ಏನೋ ಎರಡು ಮಾತಂದ. ನಾನು ಗೇಟು ತೋರಿಸಿದೆ. ಹೋದ.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅಭಿಲಾಷ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ನಮ್ಮೂರ ಆನೆ ಗ್ರೂಪಿಗೆ ಹಾಕಿದ. ಆನೆ ಯಾವ ತೋಟಕ್ಕೆ ನುಗ್ಗಿದೆ ಎಂದು ತಿಳಿಸಲಿಕ್ಕೆ ಇರುವ ಗ್ರೂಪು ಅದು! ಊರಿಗೆ ಊರೇ ನನ್ನ ಮೇಲೆ ನಗುವ ಮುಖಗಳನ್ನು ಸುರಿಯಿತು. ಆ ಸಿಟ್ಟು ಇವತ್ತಿಗೂ ಆರಿಲ್ಲ.

"ಏನೋ ಅಂದ ಅವ್ನು ನಂಗೆ?" ಎಂದು ಅಭಿಲಾಷನನ್ನು ಹಿಡಿದು ಕೇಳಿದೆ.

"ಪೋರ್ಚುಗೀಸ್ ಕಣಣ್ಣ, ನಂಗೇನು ಗೊತ್ತು? ತಡಿ, ಮೊಬೈಲಿಗೆ ಕೇಳ್ಸಿದ್ರೆ ಅದೇ ಕನ್ನಡದಲ್ಲಿ ಹೇಳ್ತದೆ."

"ಮುಟ್ಟಿದ್ರೆ ನೋಡು! ನನ್ನ ಬೈದಿದ್ದನ್ನ ಊರಿಗೆಲ್ಲ ಕನ್ನಡದಲ್ಲಿ ಬೇರೆ ಹಂಚ್ತೀಯಾ?"

ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದ ಶಾಂತಮಲ್ಲಪ್ಪನೆಂಬ ನಾನು ಆವತ್ತು ಭೀಷ್ಮಪ್ರತಿಜ್ಞೆ ಮಾಡಿದೆ. ಪೋರ್ಚುಗೀಸು ಕಲಿಯುತ್ತೇನೆ! ಅವನಂದದ್ದನ್ನು ಯಾರನ್ನೂ ಕೇಳದೆ ನನ್ನ ಕಿವಿಯಿಂದಲೇ ತಿಳಿಯುತ್ತೇನೆ, ಅವನ ಭಾಷೆಯಲ್ಲೇ ತಿರುಗಿಸಿ ಬಾರಿಸುತ್ತೇನೆ!

"ಕನ್ನಡದಲ್ಲಿ ಬೈಯೋದೆಲ್ಲ ಮುಗೀತಾ?" ಎಂದಳು ನನ್ನ ಹೆಂಡತಿ ಜಗದಾಂಬ.

ಅಡುಗೆಮನೆ ಕಟ್ಟೆಯ ಮೇಲೆ ಮೊಬೈಲಿಟ್ಟುಕೊಂಡು ಪಾಠ ಶುರುವಾಯಿತು. ಬೊಂ ಜೀಯ, ನಮಸ್ಕಾರ. ಮೆವು ಪಾಯ್, ನನ್ನ ಅಪ್ಪ. ಕಫೆ, ಕಾಫಿ. ಹುಡುಗ ಹಾಲು ಕುಡಿಯುತ್ತಾನೆ. ಹುಡುಗಿ ಸೇಬು ತಿನ್ನುತ್ತಾಳೆ. ತಿನ್ನಲಿ! ನನಗೆ ಬೇಕಿದ್ದದ್ದು ಬೈಗುಳದ ಪಾಠ. ಅದು ಬಂದ ಮೇಲೆ ವಿಡಿಯೋ ಹಾಕಿ ಅವನ ಮಾತಿನ ಚರ್ಮ ಸುಲಿಯೋಣವೆಂದು ಕಾದೆ. ಸೇಬು ಮುಗಿದು ಬ್ರೆಡ್ಡು ಬಂತೇ ಹೊರತು ಬೈಗುಳ ಬರಲಿಲ್ಲ.

ಜಗದಾಂಬ ರೊಟ್ಟಿ ತಟ್ಟುತ್ತಲೇ ತಿದ್ದುವಳು. "ರೀ, ಅಮ್ಮ ಅನ್ನೋಕೆ ಮೂಗಿಂದ ಎಳೀಬೇಕು, ಮಾಂಯ್ ಅಂತ."

"ಯಾರೇ ಕಲೀತಿರೋದು? ನೀನೋ ನಾನೋ?"

"ನೀವು ಕಲೀತಾ ಇದೀರಿ. ನಂಗೆ ಬರ್ತಾ ಐತೆ."

ಈ ಅವಮಾನ ಸಹಿಸಲಾರದೆ ಒಂದು ಬೆಳಿಗ್ಗೆ ಗಂಬೂಟು ಏರಿಸಿ, ಕಿವಿಗೆ ಇಯರ್‌ಫೋನ್ ತುರುಕಿ, ತೋಟದ ನೆತ್ತಿಗೆ ಹತ್ತಿದೆ. ಸಿಗ್ನಲ್ಲೂ ಸಿಗುತ್ತದೆ, ಹೆಂಡತಿಯೂ ಇರುವುದಿಲ್ಲ. "ಮಾಂಯ್" ಎಂದೆ. ಸರಿಯಾಗಿ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ ಎಂದಿತು ಮೊಬೈಲು. ಕೇಳಿಸಲಿಲ್ಲವೇ? ನನ್ನ ಗಂಟಲೇ? ಸಿಲ್ವರ್ ಮರಗಳು ಅದುರುವ ಹಾಗೆ, ಮೂಗಿನಿಂದಲೂ ಬಾಯಿಂದಲೂ ಒಟ್ಟಿಗೆ ಕಿರುಚಿದೆ: "ಮಾಂ... ಯ್!"

ಕೆಳಗೆ ಹಣ್ಣು ಕೊಯ್ಯುವವರಿದ್ದರು. ನಮ್ಮ ಕಡೆ ತೋಟದಲ್ಲಿ ಒಂದು ಕಟ್ಟಳೆ: ಆನೆ ಕಂಡವರು ಕಿರುಚಬೇಕು, ಕೇಳಿದವರು ಎಲ್ಲಿ, ಎಷ್ಟು ಎಂದು ವಿಚಾರಿಸದೆ ಬುಟ್ಟಿ ಬಿಟ್ಟು ರಸ್ತೆಗೆ ಓಡಬೇಕು. ಓಡಿದರು! "ನೀವು ಆನೆ ಕಾಲಿಗೇ ಸಿಕ್ಬುಟ್ರಿ ಅಂದ್ಕೊಂಡೆ ಯಜಮಾನ್ರೆ, ಅಂಥಾ ಕೂಗು" ಎಂದು ಆಮೇಲೆ ಅವರಲ್ಲೊಬ್ಬಳಾದ ಚಿನ್ನಮ್ಮ ಕಣ್ಣೊರೆಸಿಕೊಂಡಳು. ಅಭಿಲಾಷ ಗ್ರೂಪಿಗೆ ಹಾಕಿದ: "ಶಾಂತಮಲ್ಲಪ್ಪಣ್ಣನ ತೋಟದಲ್ಲಿ ಆನೆ. ಅಣ್ಣ ಒಳಗವ್ನೆ." ಶಾಲೆ ವ್ಯಾನು ವಾಪಸ್ಸು ತಿರುಗಿತು. ಆಲೂರು ಬಸ್ಸು ತಿರುವಿನಲ್ಲೇ ನಿಂತಿತು. ಫಾರೆಸ್ಟಿನವರ ಜೀಪು ಬಂತು. ನನ್ನ ಕಿವಿಯಲ್ಲಿ ಮಾತ್ರ ಆ ಹುಡುಗಿ ಇನ್ನೂ ಸೇಬು ತಿನ್ನುತ್ತಿದ್ದಳು!

ಢಂ! ಆನೆ ಓಡಿಸುವ ಪಟಾಕಿ. ಇಯರ್‌ಫೋನ್ ಕಿತ್ತರೆ ಕೆಳಗಿಂದ ಒಂದೇ ಕೂಗು: "ಆನೆ! ಆನೆ!" ನನ್ನ ಜೀವ ಹಾರಿತು. ಪಟಾಕಿ ಹೊಡೆದರೆಂದರೆ ಆನೆ ನನ್ನ ಬೆನ್ನ ಹಿಂದೆಯೇ ಇರಬೇಕು! ಇಳಿಜಾರಿನಲ್ಲಿ ಹೆಂಗೆ ಓಡಿದೆನೋ, ಮುಂದೆ ಕಂಡದ್ದು ನಮ್ಮ ಕಣ. ಗಂಬೂಟಿನಲ್ಲೇ ನುಗ್ಗಿದೆ. ಹಣ್ಣಿನ ಮೇಲೆ ಕಾಲು ಜಾರಿತು. ಕೂತ ಭಂಗಿಯಲ್ಲೇ ಕಣದ ಅರ್ಧ ಉದ್ದ ಸವಾರಿ ಹೋಗಿ, ನಟ್ಟನಡುವೆ ನಿಂತೆ.

"ಆನೆ ಎಲ್ಲೈತೆ ಸ್ವಾಮಿ?" ಎಂದ ಗಾರ್ಡ್.

"ನನ್ನೇನ್ ಕೇಳ್ತೀಯಾ? ಪಟಾಕಿ ಹೊಡೆದೋನು ನೀನು!"

"ಕಿರುಚಿದೋರು ನೀವು!"

ಜಗದಾಂಬ ಪೊರಕೆ ಹಿಡಿದು ಬಂದಳು. "ಬೂಟು! ಮೊದ್ಲು ಬೂಟು ಬಿಚ್ರೀ! ಕಣ ಅನ್ನೋ ಜ್ಞಾನ ಬ್ಯಾಡ್ವಾ?" ಅಕ್ಷರಕ್ಕಕ್ಷರ ನನ್ನದೇ ಬೈಗುಳ. ಸುತ್ತ ನಿಂತವರು ನಕ್ಕರು. ಅಭಿಲಾಷನ ಮೊಬೈಲು ಆಗಲೇ ಮೇಲೆದ್ದಿತ್ತು. ನಾನು ಬೆಪ್ಪಾಗಿ ನಕ್ಕು, ಬಗ್ಗಿ ಬೂಟು ಎಳೆಯತೊಡಗಿದೆ.

ಎಲ್ಲರೂ ಹೋದ ಮೇಲೆ ಜಗದಾಂಬ ಹಳೆಯ ವಿಡಿಯೋ ಹಾಕಿ ನನ್ನ ಮೂಗಿಗೆ ಹಿಡಿದಳು. "ಇವತ್ತಾದ್ರೂ ನೋಡಿ."

ಅದೆಷ್ಟೋ ಸಲ ನೋಡಿದ್ದೆ, ನನ್ನ ಮುಖವನ್ನೇ. ಆವತ್ತು ಮೊದಲ ಸಲ ಅವನ ಕಡೆ ನೋಡಿದೆ. ಆತ ನಗುತ್ತಾ ಬಗ್ಗಿ ಬೂಟಿನ ಲೇಸು ಬಿಚ್ಚುತ್ತಿದ್ದ. ಬಿಚ್ಚುತ್ತಲೇ ಮಾತಾಡುತ್ತಿದ್ದ. ಮೆವು ಪಾಯ್... ಏನೇನೋ... ಕಫೆ?

ನನ್ನ ಅಪ್ಪ, ಕಾಫಿ! ಎರಡೂ ಬೈಗುಳಕ್ಕಿಂತ ಮುಂಚಿನ ಪಾಠಗಳು!

"ಅವ್ರಪ್ಪನೂ ಹಿಂಗೇ ಕೂಗಾಡ್ತಿದ್ದ ಅಂತ ಕಾಣ್ತದೆ. ಆಮೇಲೆ ಕಾಫಿ ಕೇಳವ್ನೆ" ಎಂದಳು.

"ನಡುವಿನ ಮಾತು?"

"ಅದು ನಂಗೂ ಬರಲ್ಲ. ಮುಖ ನೋಡಿ, ಬೈಯೋ ಮುಖವಾ ಅದು?"

ಅಲ್ಲ. ಅಪ್ಪನನ್ನು ನೆನೆದವನ ಮುಖ.

"ಯಾವಾಗ ಗೊತ್ತಾಯ್ತೇ ನಿಂಗೆ?"

"ನಿಮ್ಮ ಪಾಠ ಶುರುವಾದ ವಾರದಲ್ಲೇ."

"ಹೇಳ್ಬಾರ್ದಿತ್ತಾ?"

"ಯಾರನ್ನೂ ಕೇಳಲ್ಲ ಅಂತ ಶಪಥ ಮಾಡಿದ್ದು ಯಾರು?"

ಕರೆಂಟ್ ಮೀಟರ್ ಓದಲು ಬಂದವನನ್ನೂ ಕಾಫಿ ಕೊಡದೆ ಕಳಿಸುವ ಮನೆಯಲ್ಲ ನಮ್ಮದು. ಕಾಫಿ ಕಣದಲ್ಲಿ ನಿಂತು ಕಾಫಿ ಕೇಳಿದವನಿಗೆ ನಾನು ಗೇಟು ತೋರಿಸಿದ್ದೆ! ಮರುದಿನವೇ ಅಭಿಲಾಷನ ಹತ್ತಿರ ಹೋದೆ. "ಯಾವುದೋ ಟೂರ್‌ನವ್ರ ಜೊತೆ ಊಟಕ್ಕಷ್ಟೇ ಬಂದಿದ್ದ ಅಣ್ಣ, ಉಳೀಲಿಲ್ಲ. ಹೆಸರೂ ಗೊತ್ತಿಲ್ಲ, ನಂಬರೂ ಇಲ್ಲ" ಎಂದ.

ಪಾಠ ಬಿಟ್ಟಿಲ್ಲ. ಕಾಫಿ ಕುಡೀತೀರಾ ಎಂದು ಈಗ ಪೋರ್ಚುಗೀಸಿನಲ್ಲಿ ಚೆನ್ನಾಗಿಯೇ ಕೇಳುತ್ತೇನೆ, ಕೂಗದೆ. ಕೇಳಿಸಿಕೊಳ್ಳಲು ಯಾರೂ ಇಲ್ಲ. ಕೊಯ್ಲಿನ ದಿನಗಳಲ್ಲಿ ಜಗದಾಂಬ ಕೆಲವೊಮ್ಮೆ ಒಂದು ಲೋಟ ಹೆಚ್ಚಿಗೆ ಕಾಸಿ ಜಗಲಿಯ ಮೇಲಿಡುತ್ತಾಳೆ.

"ಯಾರಿಗೇ ಇದು?"

"ನಿಮ್ಮ ಸಾಲದೋನಿಗೆ."

ಆರಿ ತಣ್ಣಗಾದ ಮೇಲೆ ಅದನ್ನೂ ನನಗೇ ಕುಡಿಸುತ್ತಾಳೆ. ಸಾಲ ಮಾತ್ರ ಹಾಗೇ ಇದೆ.