ಸೋಮವಾರದ ಹೇನು

ದೇವರು ಹೇನನ್ನು ಯಾಕೆ ಸೃಷ್ಟಿಸಿದ ಎಂದು ನಾನು ಕೇಳುವುದಿಲ್ಲ. ‘ನಿನ್ನ ವಿಷಯವಾಗಿ ಹೇನೂ ಇದನ್ನೇ ಕೇಳುತ್ತಿದೆ’ ಎಂದುಬಿಟ್ಟರೆ ಕಷ್ಟ. ಎಪ್ಪತ್ತರ ದಶಕದ ಅಜ್ಜಂಪುರದಲ್ಲಿ ಶಾಲೆಯ ಪುಸ್ತಕ ಎಲ್ಲ ಮಕ್ಕಳಿಗೂ ಸಿಗುತ್ತಿರಲಿಲ್ಲ. ಹೇನು ಮಾತ್ರ ಯಾವ ಭೇದವೂ ಇಲ್ಲದೆ ಸಿಗುತ್ತಿತ್ತು. ಮೂರನೇ ಕ್ಲಾಸಿನ ನನ್ನ ಮಗಳು ಗೌರಿಗೂ ಅವಳ ಪಾಲು ಬಂತು. ಟೀಚರು ಅವಳನ್ನು ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಿ, ಮಂಗಳವಾರದೊಳಗೆ ತಲೆ ಚೊಕ್ಕಟವಾಗದಿದ್ದರೆ ಅಂದು ಬರುವ ಶಾಲಾ ಇನ್‌ಸ್ಪೆಕ್ಟರ ಮುಂದೆ ಪ್ರಾರ್ಥನೆ ಹೇಳಿಸುವುದಿಲ್ಲ ಎಂದರಂತೆ. ತಿಂಗಳಿಂದ ಅದನ್ನೇ ಉರು ಹೊಡೆದಿದ್ದ ಹುಡುಗಿ ಊಟ ಬಿಟ್ಟು ಅತ್ತಳು.

ತಪ್ಪು ಯಾರದೆಂದು ನನಗೆ ತಕ್ಷಣ ಹೊಳೆಯಿತು: ಬೇಲಿಯಾಚೆಯ ಮೆಹರುನ್ನಿಸಾಳ ಮಗಳದು. ಸಾಕ್ಷಿ ಯಾಕೆ? ಬೇರೆಯವರ ಮಗಳಲ್ಲವೇ, ಅಷ್ಟು ಸಾಕು.

ಭಾನುವಾರ ಬೇವಿನೆಣ್ಣೆ, ಸೀಗೆಕಾಯಿ, ಹೇನಿನ ಬಾಚಣಿಗೆ ಎಲ್ಲ ಆಯಿತು. ಸೋಮವಾರ ಶಿವನ ದಿನ. ನಮ್ಮ ಮನೆಯಲ್ಲಿ ಜೀವ ತೆಗೆಯುವಂತಿಲ್ಲ. ಅತ್ತೆಯವರ ಕಾಲದ ನೇಮ. ಸಿಕ್ಕ ಹೇನನ್ನು ಎಲೆಯ ಮೇಲಿಟ್ಟು ಬೇಲಿಗೆ ಬಿಡಬೇಕು. ಬೇಲಿಯಾಚೆ ಯಾರ ಮನೆಯಿದೆ ಎಂಬುದು ನನ್ನ ತಪ್ಪಲ್ಲ.

ಅಂದು ಸಂಜೆ ಜಗಲಿಯಿಂದ ಐದನೆಯದನ್ನು ಬೀಳ್ಕೊಡುತ್ತಿದ್ದೆ. ಮೆಹರುನ್ನಿಸಾ ಇಣುಕಿದಳು. “ಏನಕ್ಕಾ, ಮಗಳನ್ನ ಗಂಡನ ಮನೆಗೆ ಕಳ್ಸೋ ಹಂಗೆ ಕಳಿಸ್ತಿದೀರಾ? ಮಡಿಲು ತುಂಬಿದ್ರಾ?”

“ಸೋಮವಾರ ಕಣೇ, ಕೊಲ್ಲಂಗಿಲ್ಲ. ಮೊದ್ಲು ನಿನ್ ಮಗಳ ತಲೆ ನೋಡ್ಕೋ.”

“ನೆನ್ನೆನೇ ನೋಡ್ದೆ, ಒಂದೂ ಇಲ್ಲ.” ಬಂದು ಗೌರಿಯ ತಲೆಯನ್ನೂ ಎಳೆಎಳೆಯಾಗಿ ಜಾಲಾಡಿದಳು. “ಇವಳ್ದೂ ಚೊಕ್ಕ ಆಯ್ತು. ಏನವ್ವಾ, ದಿನಾ ಯಾರ ಮಗ್ಗುಲಲ್ಲಿ ಮಲಗ್ತೀಯ?”

“ಅಮ್ಮನ ಮಗ್ಗುಲಲ್ಲಿ.”

ಮೆಹರುನ್ನಿಸಾ ನನ್ನ ತುರುಬು ಬಿಚ್ಚಿದಳು. “ಯಾ ಅಲ್ಲಾ! ಅಲ್ಲಾಡ್ಬೇಡಿ ಅಕ್ಕಾ, ಇಲ್ಲಿ ಸಂತೇನೇ ಸೇರೈತೆ.” ದಪ್ಪನೆಯದೊಂದನ್ನು ಉಗುರಿನ ಮೇಲಿಟ್ಟುಕೊಂಡು ಕೈ ಚಾಚಿದಳು. “ಎಲ್ಲಿ, ಎಲೆ ಕೊಡಿ.”

ಗೌರಿಯ ಕಣ್ಣು ತುಂಬಿತು. “ಅಮ್ಮಾ, ಮತ್ತೆ ನಂಗೆ ಹತ್ತಿದ್ರೆ ನಾಳೆ ಪ್ರಾರ್ಥನೆ...”

“ಕೊಂದ್ಹಾಕೇ!” ಅಂದೆ.

“ಸೋಮವಾರ ಅಕ್ಕಾ.”

“ಶಿವ ಅರ್ಥ ಮಾಡ್ಕೋತಾನೆ ಕಣೇ, ನೀನು ಕುಕ್ಕು!”

ಇಷ್ಟು ವರ್ಷದ ನೇಮ ಒಂದು ಉಗುರಿನಗಲದಲ್ಲಿ ಮುಗಿಯಿತು. ಆ ರಾತ್ರಿ ಗೌರಿ ಮೆಹರುನ್ನಿಸಾಳ ಮನೆಯಲ್ಲಿ, ನಾನು ಶಂಕಿಸಿದ್ದ ಅದೇ ಹುಡುಗಿಯ ಪಕ್ಕದಲ್ಲಿ ಮಲಗಿ, ಮರುದಿನ ಮುಂದೆ ನಿಂತು ಪ್ರಾರ್ಥನೆ ಹೇಳಿ ಬಂದಳು. ಹಿಂದಿನ ಬೆಂಚು ನನಗೆ ಬಂತು: ವಾರವಿಡೀ ಬೇವಿನೆಣ್ಣೆ ಮೆತ್ತಿಕೊಂಡು ಮೂಲೆಯಲ್ಲಿ ಒಂಟಿಯಾಗಿ ಮಲಗಿದೆ. ಒಂಟಿ ಅಂದರೆ ಸುಳ್ಳಾದೀತು. ದೇವರು ದೊಡ್ಡವನು, ತಲೆ ತುಂಬ ಜೊತೆ ಕೊಟ್ಟಿದ್ದ.