ಮಾಮಾನ ಮ್ಯಾಕ್ರೋ

ನಮ್ಮ ಸೋದರಮಾವನ ತಲೆ ಸರಿಯಿಲ್ಲ ಎಂದು ಹೊರಗಿನವರು ಅಂದರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಹಾಗೆ ಅನ್ನುವ ಹಕ್ಕು ಮನೆಯವರದು! ಮಾಮಾ ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಸಿ ಭಾಷೆ ಕಲಿಸುತ್ತಾನೆ. ಅದರಲ್ಲೂ ಮ್ಯಾಕ್ರೋ ಎಂದರೆ ಅವನಿಗೆ ಪ್ರಾಣ. ‘ಈ ಶಬ್ದ ಕಂಡಲ್ಲಿ ಆ ಶಬ್ದ ಹಾಕು’ ಎಂದು ಕಂಪ್ಯೂಟರಿಗೆ ಮೊದಲೇ ಕೊಟ್ಟಿಡುವ ಅಪ್ಪಣೆಯೇ ಮ್ಯಾಕ್ರೋ. ಅದು ಶಬ್ದ ನೋಡುತ್ತದೆ, ಅರ್ಥ ನೋಡುವುದಿಲ್ಲ. ಮಾಮಾನೂ ಅಷ್ಟೇ.

ಒಮ್ಮೆ ಮಾಮಿ, “ಮಂದಿ ಬರಾಕತ್ತಾರ, ಅಕ್ಕಿ, ಬ್ಯಾಳಿ ದುಪ್ಪಟ್ಟು ಇಡ್ರಿ” ಎಂದಳು. ಇವನು ಬೇಳೆಯನ್ನಷ್ಟೇ ದುಪ್ಪಟ್ಟು ಮಾಡಿದ!

“ಎರಡಕ್ಕೂ ಕೂಡಿ ಬ್ರ್ಯಾಕೆಟ್, ಅಂದ್ರ ಕಂಸ ಹಾಕಬೇಕಿತ್ತು. ನಿನ್ನ ದುಪ್ಪಟ್ಟು ಬ್ಯಾಳಿಗಷ್ಟ ಹತ್ತಿತು.”

“ಹಂಗಾರ ಇವತ್ತು ಕಂಸಾನ ಉಣ್ರಿ!”

ನನ್ನ ಮದುವೆಗೆಂದು ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದಾಗ ಅಂಗಡಿಯವನಿಗೂ ಪಾಠವಾಯಿತು.

“‘ಬ್ಯಾಡ’ ಇದ್ದಲ್ಲಿ ‘ಬೇಕು’ ಹಾಕು ಅಂತ ಬರದ್ರ, ನಿಮ್ಮೂರು ‘ಬೇಕುಗಿ’ ಆಗತೈತೇನು? ಆಗಂಗಿಲ್ಲ! ಪೂರ್ತಿ ಶಬ್ದ ಇದ್ರಷ್ಟ ಬದಲಿ. ತುಂಡು ಮುಟ್ಟಂಗಿಲ್ಲ.”

ಅಂಗಡಿಯವನು ಕೈಮುಗಿದ. “ಊರು ಉಳಿಸಿದ್ರಿ ಸರ. ಈಗ ಮೆಣಸಿನಕಾಯಿ ಬೇಕೋ, ಬ್ಯಾಡೋ?”

ಹಾವೇರಿಯಲ್ಲಿ ಮದುವೆ. ನಮ್ಮ ಕಡೆ ಸೊಸೆಗೆ ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ವರ ಅದನ್ನು ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಯಬೇಕು. ನನಗೆ ಅವರು ಗೊತ್ತುಮಾಡಿದ್ದ ಹೆಸರು ಸಮೃದ್ಧಿ. ನನಗೋ ಅಜ್ಜಿಯಿಂದ ಬಂದ ‘ತುಂಗಾ’ ಎಂಬ ನನ್ನ ಹೆಸರೇ ಬೇಕಿತ್ತು. ಹೇಳಲು ಬಾಯಿ ಬರಲಿಲ್ಲ, ಕಣ್ಣು ತುಂಬಿತು.

ಮಾಮಾ ನೋಡಿದ. ನೋಡಿದವನೇ ನುಗ್ಗಿ ಬಂದು ಅಕ್ಕಿಯಲ್ಲಿ ಬೆರಳಿನಿಂದ ‘ತುಂಗಾ’ ಎಂದು ಬರೆದ. ಅದರ ಎರಡೂ ಬದಿಗೆ ಎರಡೆರಡು ಸಣ್ಣ ಗೆರೆ ಎಳೆದ.

“ಇದೇನ್ರಿ?” ಎಂದು ಬೀಗರು ಗದರಿದರು.

“ಕೋಟ್ ರಿ, ಉದ್ಧರಣ ಚಿಹ್ನೆ. ಇದರೊಳಗಿನ ಶಬ್ದ ಯಾವ ಮ್ಯಾಕ್ರೋನೂ ಮುಟ್ಟಂಗಿಲ್ಲ. ಇದ್ದದ್ದು ಇದ್ದಂಗ ಇರತೈತಿ!”

ನನ್ನ ಅತ್ತೆ ಎದ್ದು ಬಂದು ತಟ್ಟೆಯನ್ನೇ ನೋಡುತ್ತ ನಿಂತರು. ಇನ್ನೇನು ಕೈಯಾಡಿಸಿ ಅಳಿಸಿಬಿಡುತ್ತಾರೆ ಎಂದುಕೊಂಡೆ.

“ಸರ,” ಎಂದರು ಮೆಲ್ಲಗೆ. “ತವರೂರಾಗ ನಾ ಮೇಡ್ಲೇರಿ ನೀಲವ್ವ ಇದ್ದೆರಿ. ಈ ಮನಿಗೆ ಬಂದ ಮ್ಯಾಲೆ ಹಂಗ ಯಾರೂ ಕರೆದಿಲ್ಲ. ಬಾಜೂಕ ನಂದೂ ಒಂದು ಬರೀತೀರೇನು?”

ಮಾಮಾ ನನ್ನ ಹೆಸರಿನ ಪಕ್ಕ ಜಾಗ ಮಾಡಿ, ಅಕ್ಕಿಯನ್ನು ಸವರಿ, ದುಂಡಗೆ ಬರೆದ. ಅತ್ತೆ ಬಗ್ಗಿ ಅದನ್ನು ಗಟ್ಟಿಯಾಗಿ ಓದಿದರು.