ಜ್ವರವಿಲ್ಲದ ಚಳಿ

ನಾನು ಮಾಡಬೇಕಾಗಿದ್ದದ್ದು ಬಹಳ ಸಣ್ಣ ಕೆಲಸ: ಅಕ್ಕನ ಹಣೆ ಮುಟ್ಟಿ ನೋಡುವುದು. ಮಾಡಲಿಲ್ಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವನಾದರೂ ವೈದ್ಯದಲ್ಲಿ ನನಗೆ ಸಂಶಯವೆಂಬುದೇ ಇರಲಿಲ್ಲ. ನಮ್ಮ ಹೊನ್ನಾವರದ ಕಡೆ ಚಳಿ ಎಂದರೆ ಮಲೇರಿಯಾ, ಮಲೇರಿಯಾ ಎಂದರೆ ಕ್ವಿನೈನ್; ಇಷ್ಟು ಗೊತ್ತಿದ್ದವನು ಅರ್ಧ ಡಾಕ್ಟರ. ಉಳಿದರ್ಧ ನನ್ನ ಬಾಯಿ.

ಗಂಡ ಸತ್ತ ಮೇಲೆ ಮನೆಗೆ ಬಂದು ನನ್ನನ್ನು ಸಾಕಿದ ಅಕ್ಕ, ಆ ಚೈತ್ರದ ಸೆಕೆಯಲ್ಲಿ ಕಂಬಳಿ ಹೊದ್ದು ಒಣಮೀನು ಆಯುತ್ತಿದ್ದಳು. ಮುಖ ಊದಿತ್ತು, ಕೂದಲು ಉದುರುತ್ತಿತ್ತು, ದನಿ ದಪ್ಪವಾಗಿತ್ತು. ಅವಳನ್ನು ಕರೆದರೆ ಉತ್ತರ ಬರುವಷ್ಟರಲ್ಲಿ ದೋಣಿಯೊಂದು ಶರಾವತಿ ದಾಟಿ ವಾಪಸು ಬರಬಹುದು ಎಂದು ಕೇರಿಗೆಲ್ಲ ಹೇಳಿ ನಗಿಸುತ್ತಿದ್ದೆ. "ಚಳಿ ಆಗ್ತದೆ ತಮಾ" ಎಂದಳು. ಯುದ್ಧದ ಕಾಲ, ಕ್ವಿನೈನ್ ಸಿಗುವುದೇ ಕಷ್ಟ. ಮುಂಬಯಿಗೆ ಸರಕು ಒಯ್ಯುವ ಮಚವೆ ಹಡಗಿನವರ ಕೈಕಾಲು ಹಿಡಿದು ತರಿಸಿ, ದಿನವೂ ಎದುರು ನಿಂತು ನುಂಗಿಸಿದೆ. "ಕಿವಿಯಲ್ಲಿ ಗುಂಯ್ ಅಂತದೆ" ಎಂದರೆ, "ಮದ್ದು ಹಿಡೀತಾ ಉಂಟು" ಎಂದು ಇನ್ನಷ್ಟು ಕೊಟ್ಟೆ.

ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಕುಸಿದಳು. ಕುಮಟೆಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರು ಹಣೆ ಮುಟ್ಟಿ, ನಾಡಿ ಹಿಡಿದು ನನ್ನತ್ತ ತಿರುಗಿದರು.

"ಜ್ವರ ಬಂದಿತ್ತಾ?"

"ಚಳಿ ಬಂದಿತ್ತು."

"ನಾನು ಕೇಳಿದ್ದು ಜ್ವರ."

"ಗೊತ್ತಿಲ್ಲ" ಎಂದೆ. ಅದೇ ಮೊದಲು.

ನಾಡಿ ನಿಧಾನ, ಮೈ ತಣ್ಣಗೆ, ಚರ್ಮ ಒರಟು. ಕುತ್ತಿಗೆಯೊಳಗಿನ ಥೈರಾಯ್ಡ್ ಎಂಬ ಗ್ರಂಥಿ ಸೋತಿದೆ, ಅದರ ರಸ ಸಾಲದೆ ಮೈಯೆಲ್ಲ ಮಂದವಾಗಿದೆ ಎಂದರು. ಕುರಿಯ ಅದೇ ಗ್ರಂಥಿಯನ್ನು ಒಣಗಿಸಿ ಮಾಡಿದ ಮಾತ್ರೆ ಮುಂಬಯಿಯಿಂದ ಬರಬೇಕು, ಬದುಕಿರುವವರೆಗೂ ನುಂಗಬೇಕು, ಹೃದಯ ದಣಿದಿದೆ, ಸ್ವಲ್ಪದಿಂದಲೇ ಶುರು. "ಇನ್ನೊಂದಿಷ್ಟು ತಡವಾಗಿದ್ದರೆ..." ಎಂದು ನಿಲ್ಲಿಸಿದರು. ಅಕ್ಕ ಬಹಳ ಹೊತ್ತಿನ ಮೇಲೆ ಆ ದಪ್ಪ ದನಿಯಲ್ಲಿ, "ಕುರಿಗೆ ಮುಂಬೈ ಎಂತಕ್ಕೆ ಡಾಕ್ಟ್ರೇ? ಮನೆಯಲ್ಲೇ ಒಂದು ಉಂಟಲ್ಲ" ಎಂದು ನನ್ನ ಕಡೆ ನೋಡಿದಳು.

ಮಾತ್ರೆ ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ಕಂಬಳಿ ಅಟ್ಟ ಸೇರಿತು, ಬೈಗುಳಕ್ಕೆ ಮೊದಲಿನ ವೇಗ ಬಂತು. ಕಿವುಡಾಗಿದ್ದ ಎಡಗಿವಿ ಮಾತ್ರ ತಿರುಗಿ ಬರಲಿಲ್ಲ. ಕಾಯಿಲೆ ತಿಂದಿತೋ ನನ್ನ ಕ್ವಿನೈನೋ, ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಪ್ಪೊಪ್ಪಿಕೊಳ್ಳಲು ಹಲವು ಸಲ ಹೋದೆ. ಪ್ರತಿ ಸಲವೂ ಅವಳ ಎಡಗಡೆಯೇ ಕುಳಿತೆ. ನನ್ನ ಧೈರ್ಯ ಅಷ್ಟೇ. ಮೊನ್ನೆ ಅವಳು ಮೀನು ಆಯುತ್ತಾ ತಲೆಯೆತ್ತದೆ, "ಆ ಬದಿಗೆ ಕೂತು ಎಂತ ಗೊಣಗ್ತೆ ತಮಾ? ಈ ಬದಿಗೆ ಬಾ" ಎಂದಳು. ಸುತ್ತು ಹಾಕಿ ಬಲಗಡೆ ಕುಳಿತೆ. ಅವಳ ಹಣೆಯ ಮೇಲೆ ಕೈಯಿಟ್ಟೆ, ಬೆಚ್ಚಗಿತ್ತು. ಪಕ್ಕದ ಮನೆಯವರು ಬೇಲಿಗೆ ಬರುವಷ್ಟು ಗಟ್ಟಿಯಾಗಿ ಹೇಳಿದೆ: "ತಪ್ಪಾಯ್ತು ಅಕ್ಕಾ."